ಸಾಹೇಬರಿಗೆ ಪಿವೋಟ್ ಟೇಬಲ್ ಕಲಿಸುವ ಆಪ್‌ನಲ್ಲಿ ಏನೇನಿರಬೇಕು?

ಕಂಪನಿಯ ಕಿರಿಯ ಉದ್ಯೋಗಿಗಳು ಹಿರಿಯ ಅಧಿಕಾರಿಗಳಿಗೆ ಟೆಕ್ನಾಲಜಿ ಕಲಿಸುವಂಥ ಮೆಂಟರಿಂಗ್ ಆಪ್ ಮಾಡುತ್ತಿದ್ದೀರಿ. ಪಾಯಿಂಟ್, ಬ್ಯಾಡ್ಜ್, ಸ್ಕಿಲ್ ಮ್ಯಾಚಿಂಗ್, ಎಚ್‌ಆರ್ ಡ್ಯಾಶ್‌ಬೋರ್ಡ್ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ನಾನು ಇಷ್ಟನ್ನೂ ಹಾಕಿ ಒಂದು ಆಪ್ ಮಾಡಿ ಕೈ ಸುಟ್ಟುಕೊಂಡವನು. ನನ್ನ ಮಾತು ಕೇಳುವುದಾದರೆ ಇದರಲ್ಲಿ ಅರ್ಧ ತೆಗೆದುಬಿಡಿ.

ನಾನಿದ್ದದ್ದು ಪೀಣ್ಯದ ಕಡೆಯ ಒಂದು ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ. ಕಲಿಯುವವರು ಹದಿನೆಂಟು ಜನ. ಪ್ಲಾಂಟ್ ಹೆಡ್, ಫೈನಾನ್ಸ್ ಹೆಡ್, ನಾಲ್ಕೈದು ವಿ.ಪಿ.ಗಳು. ಎಲ್ಲರಿಗೂ ಐವತ್ತರ ಆಸುಪಾಸು. ಕಲಿಸುವವರು ಆಗಷ್ಟೇ ಸೇರಿದ ಜಿಇಟಿಗಳು, ಅಂದರೆ ಗ್ರಾಜುಯೇಟ್ ಎಂಜಿನಿಯರ್ ಟ್ರೇನಿಗಳು. ನಾವು ಯಾರಿಗೆ ಎಷ್ಟು ಪಾಯಿಂಟ್ ಅಂತ ಎಲ್ಲರಿಗೂ ಕಾಣುವ ಲೀಡರ್‌ಬೋರ್ಡ್ ಹಾಕಿದೆವು, ವಾರಕ್ಕೊಂದು ಕ್ವಿಜ್ ಇಟ್ಟೆವು. ಎರಡನೇ ವಾರ ಪ್ಲಾಂಟ್ ಹೆಡ್ ಹೆಸರು ಕೆಳಗಿಂದ ಮೂರನೆಯದು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಕ್ಯಾಂಟೀನಿನಲ್ಲಿ ಸುದ್ದಿ. ಅವರು ಮತ್ತೆ ಆಪ್ ತೆರೆಯಲೇ ಇಲ್ಲ. ಇನ್ನೊಬ್ಬರು ಪ್ರತಿ ಕ್ವಿಜ್‌ನಲ್ಲೂ ನೂರಕ್ಕೆ ನೂರು ತೆಗೆಯುತ್ತಿದ್ದರು. ಖುಷಿಯಾಗಿದ್ದೆ. ಆಮೇಲೆ ಸಮಯ ನೋಡಿದರೆ, ಒಂದು ಕ್ವಿಜ್ ಮುಗಿದಾಗ ಆ ಸಾಹೇಬರು ದೆಹಲಿಯ ವಿಮಾನದಲ್ಲಿದ್ದರು. ಉತ್ತರ ಬರೆದದ್ದು ಅವರ ಪಿಎ!

ಇವರಿಗೆ ಕಲಿಯುವ ಬುದ್ಧಿ ಇಲ್ಲ ಅಂತ ಅಲ್ಲ. ಇನ್ನೂರು ಕೋಟಿ ರೂಪಾಯಿಯ ಬಜೆಟ್ ನೋಡಿಕೊಳ್ಳುವವರು. ಆದರೆ 'ನನಗೆ ಪಿವೋಟ್ ಟೇಬಲ್ ಬರಲ್ಲ' (ಎಕ್ಸೆಲ್‌ನಲ್ಲಿ ಉದ್ದದ ಪಟ್ಟಿಯನ್ನು ಒಟ್ಟುಗೂಡಿಸಿ ತೋರಿಸುವ ಸೌಲಭ್ಯ ಅದು) ಅಂತ ಇಪ್ಪತ್ತಮೂರು ವರ್ಷದ ಹುಡುಗಿಯ ಮುಂದೆ ಹೇಳಬೇಕಲ್ಲ, ಅಲ್ಲೇ ಗಂಟಲು ಕಟ್ಟುತ್ತದೆ. ನಿಮ್ಮ ಆಪ್‌ನ ಕೆಲಸ ಆ ಸಂಕೋಚ ಹೊರಗೆ ಬೀಳದಂತೆ ಕಾಪಾಡುವುದು. ಯಾರು ಏನು ಕೇಳಿದರು, ಎಷ್ಟು ಸಲ ತಪ್ಪಿದರು ಅನ್ನೋದು ಆ ಇಬ್ಬರ ನಡುವೆಯೇ ಇರಲಿ. ಎಚ್‌ಆರ್‌ಗೆ ಒಟ್ಟು ಎಷ್ಟು ಸೆಷನ್ ನಡೆದವು ಅನ್ನುವ ಲೆಕ್ಕ ಮಾತ್ರ ಸಾಕು. ಹೆಸರಿನ ಜೊತೆ ರಿಪೋರ್ಟ್ ಬೇಕು ಅಂತ ಅವರು ಕೇಳೇ ಕೇಳುತ್ತಾರೆ. ಕೊಡಬೇಡಿ. ಜೋಡಿ ಮುಗಿದ ಮೇಲೆ ನೋಟ್ಸ್ ತಾನಾಗಿ ಅಳಿಸಿಹೋಗುವಂತೆ ಇಡಿ, ಮತ್ತು ಇದನ್ನು ಮೊದಲ ಸ್ಕ್ರೀನಿನಲ್ಲೇ ದೊಡ್ಡದಾಗಿ ಬರೆಯಿರಿ.

ಅಂದಹಾಗೆ ಇದು ಹೊಸ ಐಡಿಯಾ ಏನಲ್ಲ. 1999ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜ್ಯಾಕ್ ವೆಲ್ಚ್ ತಮ್ಮ ಸುಮಾರು 500 ಹಿರಿಯ ಅಧಿಕಾರಿಗಳಿಗೆ, ಕಿರಿಯರ ಹತ್ತಿರ ಹೋಗಿ ಇಂಟರ್ನೆಟ್ ಕಲಿಯಿರಿ ಅಂದಿದ್ದರು. ತಾವೂ ಒಬ್ಬರ ಪಕ್ಕ ಕೂತು ಕಲಿತರು. ಆಗ ಯಾವ ಆಪ್ ಇತ್ತು? ಬಾಸ್ ಕೂತರೆ ಉಳಿದವರಿಗೆ ಕೂರಲು ನಾಚಿಕೆಯಿಲ್ಲ. ನಿಮ್ಮ ಎಂಡಿ ಮೊದಲ ಜೋಡಿಯಲ್ಲಿ ಇರಲು ಒಪ್ಪದಿದ್ದರೆ ಕೋಡ್ ಬರೆಯಲು ಶುರು ಮಾಡಲೇಬೇಡಿ.

ಇನ್ನು ಮ್ಯಾಚಿಂಗ್. ನಾವು ಮೂವತ್ತು ಸ್ಕಿಲ್‌ಗಳ ಪಟ್ಟಿ ಕೊಟ್ಟು ಟಿಕ್ ಮಾಡಿ ಅಂದೆವು. ಎಲ್ಲರೂ ಟಿಕ್ ಮಾಡಿದ್ದು 'ಎಐ' ಮತ್ತು 'ಡಿಜಿಟಲ್ ಟ್ರಾನ್ಸ್‌ಫಾರ್ಮೇಶನ್'. 'ಪಿಡಿಎಫ್‌ಗೆ ಸಹಿ ಹಾಕುವುದು' ಅಂತ ಯಾರು ಟಿಕ್ ಮಾಡುತ್ತಾರೆ ಹೇಳಿ! ಆಮೇಲೆ ಪಟ್ಟಿ ಕಿತ್ತುಹಾಕಿ ಒಂದೇ ಪ್ರಶ್ನೆ ಇಟ್ಟೆವು: 'ಕಳೆದ ವಾರ ಕಂಪ್ಯೂಟರಿನಲ್ಲಿ ಯಾವ ಕೆಲಸಕ್ಕೆ ಬೇರೆಯವರನ್ನು ಕರೆದಿರಿ?' ಆಗ ನಿಜ ಬಂತು. ವಿಡಿಯೋ ಮೀಟಿಂಗಿನ ಟೀಮ್ಸ್ ಆಪ್‌ನಲ್ಲಿ ಸ್ಕ್ರೀನ್ ಶೇರ್ ಮಾಡುವಾಗ ಒಂದೇ ವಿಂಡೋ ತೋರಿಸುವುದು, ದೊಡ್ಡ ಎಕ್ಸೆಲ್ ಶೀಟಿನಲ್ಲಿ ಫಿಲ್ಟರ್ ಹಾಕುವುದು, ಪವರ್ ಬಿಐ (ಅಂಕಿಅಂಶವನ್ನು ಚಾರ್ಟ್ ಮಾಡಿ ತೋರಿಸುವ ಸಾಫ್ಟ್‌ವೇರ್) ರಿಪೋರ್ಟಿನಲ್ಲಿ ತಿಂಗಳು ಬದಲಿಸುವುದು. ಜೋಡಿ ಮಾಡುವಾಗ ಒಂದೇ ನಿಯಮ ಗಟ್ಟಿಯಾಗಿರಲಿ: ಇಬ್ಬರೂ ಒಂದೇ ಡಿಪಾರ್ಟ್‌ಮೆಂಟ್ ಆಗಬಾರದು. ತನ್ನ ಅಪ್ರೈಸಲ್‌ಗೆ ಸಹಿ ಹಾಕುವವರಿಗೆ 'ಸರ್, ಇದು ತಪ್ಪು' ಅಂತ ಯಾವ ಜಿಇಟಿಯೂ ಹೇಳುವುದಿಲ್ಲ.

ಕಲಿಸುವವರ ಕಡೆಯೂ ನೋಡಿ. ಇದನ್ನು ನಾವು ತಡವಾಗಿ ನೋಡಿದೆವು. ಸೆಷನ್ ಆಫೀಸ್ ಸಮಯದಲ್ಲೇ, ಗಾಜಿನ ಗೋಡೆಯ ಮೀಟಿಂಗ್ ರೂಮಿನಲ್ಲೇ ಬುಕ್ ಆಗಲಿ. ಕಾರಣ ಕೊಡದೆ ಜೋಡಿ ಬಿಡಲು ಒಂದು ಬಟನ್ ಇರಲಿ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ. ಆ ಒಂದು ಗಂಟೆ ಅವರ ಕೆಲಸದ ಲೆಕ್ಕಕ್ಕೆ ಬರಬೇಕು, ಇಲ್ಲದಿದ್ದರೆ ಅವರ ಮ್ಯಾನೇಜರ್ ಎರಡೇ ವಾರದಲ್ಲಿ ಗೊಣಗುತ್ತಾರೆ. ಮತ್ತೆ ಒಂದು ಮಾತು ಸೆಷನ್ ಶುರುವಾಗುವಾಗ ಸ್ಕ್ರೀನಿನಲ್ಲಿ ಬರಲಿ: ಮೌಸ್ ಮುಟ್ಟಬೇಡಿ. ನಮ್ಮ ಹುಡುಗರು 'ಕೊಡಿ ಸರ್, ನಾನೇ ಮಾಡ್ತೀನಿ' ಅಂತ ಹತ್ತು ಸೆಕೆಂಡಿನಲ್ಲಿ ಮಾಡಿ ಮುಗಿಸುತ್ತಿದ್ದರು. ಸಾಹೇಬರು 'ಶಭಾಷ್' ಅನ್ನುತ್ತಿದ್ದರು. ಮುಂದಿನ ವಾರ ಅದೇ ಪ್ರಶ್ನೆ. ನಾಲ್ಕು ದಿನ ಬಿಟ್ಟು 'ಇದನ್ನು ಒಬ್ಬರೇ ಒಮ್ಮೆ ಮಾಡಿ ನೋಡಿ' ಅಂತ ಒಂದು ಸಣ್ಣ ನೆನಪು ಕಳಿಸಿದೆವು. ಇಡೀ ಆಪ್‌ನಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಸಾಹೇಬರ ಕ್ಯಾಲೆಂಡರ್ ಸಾಹೇಬರ ಕೈಯಲ್ಲಿ ಇರುವುದಿಲ್ಲ, ಪಿಎ ಕೈಯಲ್ಲಿರುತ್ತದೆ. ಆದ್ದರಿಂದ ಸಮಯ ಬದಲಿಸುವ ಅಧಿಕಾರ ಪಿಎಗೆ ಕೊಡಿ, ಒಳಗಿನ ನೋಟ್ಸ್ ಮಾತ್ರ ತೋರಿಸಬೇಡಿ. ಆಹ್ವಾನದ ಹೆಸರು ಸುಮ್ನೆ 'ರಿವ್ಯೂ' ಅಂತಿರಲಿ. ವಿಡಿಯೋ ಕಾಲ್, ಚಾಟ್ ನೀವೇ ಕಟ್ಟಲು ಹೋಗಬೇಡಿ. ಕಂಪನಿಯಲ್ಲಿ ಈಗಾಗಲೇ ಇರುವ ಟೀಮ್ಸ್, ಔಟ್‌ಲುಕ್ ಜೊತೆ ಜೋಡಿಸಿ, ಲಾಗಿನ್ ಕೂಡ ಅದೇ ಇರಲಿ. ಹೊಸ ಪಾಸ್‌ವರ್ಡ್ ಕೊಟ್ಟ ದಿನವೇ ಆಪ್ ಸತ್ತ ಹಾಗೆ.

ಚಾಳೀಸು ಬಂದವರಿಗೆ ಮಾಡುತ್ತಿದ್ದೀರಿ ಅನ್ನೋದು ಮರೆಯಬೇಡಿ. ತಿಳಿ ಬೂದು ಬಣ್ಣದ ಸಣ್ಣ ಅಕ್ಷರ ಡಿಸೈನರ್‌ಗಳಿಗೆ ಚೆಂದ ಅಷ್ಟೇ. ವೆಬ್ ಅಕ್ಸೆಸಿಬಿಲಿಟಿ ನಿಯಮದಲ್ಲಿ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಕೇಳುತ್ತಾರೆ, ಅಷ್ಟಾದರೂ ಇರಲಿ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ನಿಮ್ಮ ಸ್ಕ್ರೀನ್ ಒಡೆದುಹೋಗಬಾರದು.

ಎಐ ಕಲಿಸುವುದಾದರೆ ಮೊದಲ ಪಾಠ ಅದರೊಳಗೆ ಯಾವುದನ್ನು ಪೇಸ್ಟ್ ಮಾಡಬಾರದು ಅನ್ನೋದು. 2023ರಲ್ಲಿ ಸ್ಯಾಮ್‌ಸಂಗ್‌ನ ಉದ್ಯೋಗಿಗಳು ಕಂಪನಿಯ ಸೋರ್ಸ್ ಕೋಡನ್ನೇ ಚಾಟ್‌ಜಿಪಿಟಿಗೆ ಹಾಕಿದ್ದರು. ಆಮೇಲೆ ಕಂಪನಿ ಅಂಥ ಟೂಲ್‌ಗಳ ಬಳಕೆಯನ್ನೇ ನಿಲ್ಲಿಸಿತು. ಅಧಿಕಾರಿಗಳ ಹತ್ತಿರ ಇರುವ ಫೈಲುಗಳು ಇನ್ನೂ ಸೂಕ್ಷ್ಮ: ಸಂಬಳದ ಪಟ್ಟಿ, ವೆಂಡರ್ ಕೊಟೇಶನ್. ಈ ಪಾಠಕ್ಕೆ ಜಿಇಟಿ ಒಬ್ಬರನ್ನೇ ನಂಬಬೇಡಿ, ಐಟಿ ಸೆಕ್ಯುರಿಟಿಯವರನ್ನು ಅರ್ಧ ಗಂಟೆ ಕೂರಿಸಿ.

ಇಷ್ಟೆಲ್ಲ ಓದಿ ಗಾಬರಿಯಾದರೆ, ಮೊದಲ ಆರು ವಾರ ಆಪ್ ಬೇಡ. ಐದು ಜೋಡಿ, ಒಂದು ವಾಟ್ಸಾಪ್ ನಂಬರ್, ಒಂದು ಶೀಟ್. ಏನೇನು ಕೇಳಿದರು ಅಂತ ಹೆಸರಿಲ್ಲದೆ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ, ಯಾವ ಸ್ಕ್ರೀನ್ ಬೇಕು ಅಂತ ಅಲ್ಲೇ ಗೊತ್ತಾಗುತ್ತದೆ. ಎರಡನೇ ಸಲ ಶುರು ಮಾಡಿದಾಗ ನಾವು ಬರೆದಿಟ್ಟ ನೋಟ್‌ಬುಕ್‌ನಲ್ಲಿ ಒಂದು ಪ್ರಶ್ನೆ ಹನ್ನೊಂದು ಸಲ ಇದೆ: ಎರಡು ವರ್ಷದ ಹಿಂದೆ ಬಂದ ಅಟ್ಯಾಚ್‌ಮೆಂಟ್ ಅನ್ನು ಮೇಲ್‌ನಲ್ಲಿ ಹುಡುಕೋದು ಹೇಗೆ?