ಬೆಟ್ಟದಲ್ಲಿ ದಾರಿ ತಪ್ಪಿದರೆ ಹುಡುಕಿ ಬರುವವರು ಯಾರು?

ಪ್ರಶ್ನೆ: ನಾವು ಮ್ಯಾಂಚೆಸ್ಟರ್‌ನಲ್ಲಿದ್ದೇವೆ. ಅಕ್ಟೋಬರ್ ರಜೆಯಲ್ಲಿ ಮೂರು ಸಂಸಾರ ಸೇರಿ ಲೇಕ್ ಡಿಸ್ಟ್ರಿಕ್ಟ್‌ನ ಸ್ಕಾಫೆಲ್ ಪೈಕ್ ಹತ್ತಬೇಕೆಂದಿದ್ದೇವೆ. ಮುಳ್ಳಯ್ಯನಗಿರಿ, ಕುಮಾರಪರ್ವತ ಹತ್ತಿದ ಅಭ್ಯಾಸ ಇದೆ. ತೊಂದರೆಯಾದರೆ ಸ್ವಯಂಸೇವಕರ ತಂಡ ಬರುತ್ತದಂತೆ. ಅವರಿಗೆ ಎಷ್ಟು ದುಡ್ಡು ಕೊಡಬೇಕು, ಹೇಗೆ ಕರೆಯಬೇಕು?

ಉತ್ತರ: ದುಡ್ಡು ಕೊಡಬೇಕಿಲ್ಲ. ಬಿಲ್ ಬಂದೀತೆಂಬ ಭಯಕ್ಕೆ ಫೋನ್ ಮಾಡದೆ ಕತ್ತಲು ಮಾಡಿಕೊಳ್ಳುವವರಿದ್ದಾರೆ. ಹಗಲಲ್ಲಿ ಮುಗಿಯಬೇಕಾದ ಕೆಲಸ ಆಗ ಇಡೀ ರಾತ್ರಿಯದಾಗುತ್ತದೆ. ತಂಡದಲ್ಲಿ ಇರುವವರು ಅಲ್ಲಿನ ಮೇಷ್ಟ್ರು, ರೈತ, ನರ್ಸ್, ಬಡಗಿ, ಹೀಗೆ. ಯಾರಿಗೂ ಸಂಬಳವಿಲ್ಲ, ಗಾಡಿ ಹಗ್ಗಗಳೆಲ್ಲ ಬಹುಪಾಲು ದೇಣಿಗೆಯವು.

999 ಅಥವಾ 112ಕ್ಕೆ ಕರೆ ಮಾಡಿ, ಮೊದಲು ‘ಪೊಲೀಸ್’, ಆಮೇಲೆ ‘ಮೌಂಟನ್ ರೆಸ್ಕ್ಯೂ’ ಎನ್ನಿ. ಬರೀ ಆಂಬ್ಯುಲೆನ್ಸ್ ಕೇಳಿದರೆ ಅದು ರಸ್ತೆ ಮುಗಿಯುವಲ್ಲೇ ನಿಲ್ಲುತ್ತದೆ. ಮಾತಿಗೆ ಸಿಗ್ನಲ್ ಸಾಲದ ಕಡೆ ಎಸ್ಸೆಮ್ಮೆಸ್ ಹೋಗಬಹುದು. ಅದಕ್ಕೆ ಮನೆಯಲ್ಲೇ ‘ರಿಜಿಸ್ಟರ್’ ಎಂದು ಇಂಗ್ಲಿಷಿನಲ್ಲಿ 999ಕ್ಕೆ ಕಳಿಸಿ ನೋಂದಾಯಿಸಿಕೊಂಡಿರಬೇಕು. ತಂಡದವರು ಒಂದು ಲಿಂಕ್ ಕಳಿಸುವುದುಂಟು. ಒತ್ತಿದರೆ ನೀವಿರುವ ಜಾಗ ಅವರಿಗೆ ಕಾಣುತ್ತದೆ. ಡೇಟಾ ಇಲ್ಲದಿದ್ದರೆ, ನೀವಿರುವ ಜಾಗವನ್ನು ನಕ್ಷೆಯ ಚೌಕದ ಲೆಕ್ಕದಲ್ಲಿ ಹೇಳುವ ಗ್ರಿಡ್ ಸಂಖ್ಯೆಯನ್ನು ಒಎಸ್ ಲೊಕೇಟ್‌ನಂಥ ಆ್ಯಪ್ ನೋಡಿ ಓದಿ ಹೇಳಿ. ಆರಂಕಿಯ ಸಂಖ್ಯೆ ನಿಮ್ಮನ್ನು 100 ಮೀಟರ್ ಚೌಕದೊಳಗೆ ತಂದು ನಿಲ್ಲಿಸುತ್ತದೆ.

ಕರೆ ಮಾಡಿದ ಮೇಲೆ ಕಲ್ಲು ಬೀಳುವಂಥ, ನೀರು ನುಗ್ಗುವಂಥ ಜಾಗವಲ್ಲದಿದ್ದರೆ ಅಲ್ಲಿಂದ ಕದಲಬೇಡಿ. ಹುಡುಕಾಟ ಶುರುವಾಗುವುದು ನೀವು ಕೊನೆಗೆ ಇದ್ದ ಜಾಗದಿಂದ. ಮೊದಲು ಕಾಲುದಾರಿ, ಹಳ್ಳದ ದಂಡೆ, ಬೇಲಿಗಳ ಗುಂಟ ಚಿಕ್ಕ ಗುಂಪುಗಳು ಬೇಗ ಹೋಗಿ ನೋಡುತ್ತವೆ. ಅಲ್ಲಿ ಸಿಗದಿದ್ದರೆ ನಕ್ಷೆಯನ್ನು ತುಂಡು ತುಂಡು ಮಾಡಿ ಹಂಚಿಕೊಳ್ಳುತ್ತಾರೆ. ಗಾಳಿಯಲ್ಲಿ ತೇಲಿಬರುವ ಮನುಷ್ಯನ ವಾಸನೆ ಹಿಡಿಯಲು ಪಳಗಿದ ನಾಯಿಗಳೂ ಬರುತ್ತವೆ. ನೋಡಿ ಮುಗಿಸಿದ ತುಂಡಿಗೆ ನೀವು ಆಮೇಲೆ ನಡೆದು ಬಂದಿರೋ, ಅಲ್ಲಿ ಮತ್ತೆ ಬಂದು ನೋಡುವುದು ಯಾವಾಗಲೋ!

ಸ್ಕಾಫೆಲ್ ಪೈಕ್‌ನ ಎತ್ತರ 978 ಮೀಟರ್ ಎಂದರೆ ಮುಳ್ಳಯ್ಯನಗಿರಿಯ ಅರ್ಧ, ನಿಜ. ಆದರೆ ಬೆಟ್ಟದ ಬುಡದ ವಾಸ್‌ಡೇಲ್ ಹೆಡ್‌ನಿಂದ ಹೊರಟರೆ ಸುಮಾರು 900 ಮೀಟರ್ ಏರು ಕಾಲಿಗೇ ಬೀಳುತ್ತದೆ. ಐದು ಕಿಲೋಮೀಟರ್‌ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬುದು ಅಲ್ಲಿಯವರ ಹಳೆಯ ಲೆಕ್ಕ. ಅದು ಗಟ್ಟಿಗರಿಗೆ, ಮಕ್ಕಳಿದ್ದರೆ ದುಪ್ಪಟ್ಟು ಹಿಡಿಯಿರಿ. ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ತಲೆಗೆ ಕಟ್ಟುವ ಟಾರ್ಚ್ ಆಳಿಗೊಂದು ಇರಲಿ. ಮೊಬೈಲ್ ಬೆಳಕಿನಲ್ಲಿ ಇಳಿಯಲು ಹೋದರೆ ಕರೆ ಮಾಡುವ ಹೊತ್ತಿಗೆ ಬ್ಯಾಟರಿಯೇ ಇರುವುದಿಲ್ಲ.

ನೆತ್ತಿಯ ತುಂಬಾ ಬರೀ ಬಂಡೆಗಲ್ಲು, ಮಂಜು ಕವಿದರೆ ದಾರಿಯೇ ತಿಳಿಯದು. ಕಾರು ಒಂದು ಕಣಿವೆಯಲ್ಲಿದ್ದರೆ ಇನ್ನೊಂದು ಕಣಿವೆಗೆ ಇಳಿದುಬಿಡುವವರು ಬೇಕಾದಷ್ಟು. ಅದಾದರೂ ಪರವಾಗಿಲ್ಲ. ಕಾರಿಡಾರ್ ರೂಟ್ ಎಂಬ ಕಾಲುದಾರಿಯ ಕಡೆ ಪಿಯರ್ಸ್ ಗಿಲ್ ಎಂಬ ಆಳದ ಕಲ್ಲುಕೊರಕಲಿದೆ. ‘ನೀರು ಹರಿದತ್ತ ಹೋದರೆ ಊರು ಸಿಗುತ್ತದೆ’ ಎಂದು ಅದರೊಳಗೆ ಇಳಿದವರು ಜಾರುಬಂಡೆಯಿಂದ ಜಾರುಬಂಡೆಗೆ ಇಳಿದು, ಕೊನೆಗೆ ಜಲಪಾತದ ತಲೆಯ ಮೇಲೆ ನಿಲ್ಲುತ್ತಾರೆ: ಕೆಳಗಿಳಿಯಲಾಗದು, ಇಳಿದ ಬಂಡೆ ಮತ್ತೆ ಹತ್ತಲೂ ಆಗದು. ಅಲ್ಲಿಂದ ಎತ್ತಲು ಹಗ್ಗವೇ ಬೇಕು.

ಪ್ರಶ್ನೆ: ಕಾಲು ಮುರಿದವರನ್ನು ಜೊತೆಗಾರರೇ ಹೊತ್ತು ತಂದರೆ ಬೇಗ ಆಗುವುದಿಲ್ಲವೇ?

ಉತ್ತರ: ಬ್ರಿಟನ್ನಿನಲ್ಲಿ ಈ ತಂಡಗಳ ಚರಿತ್ರೆ ಶುರುವಾಗಿದ್ದೇ ಹಾಗೆ ಹೊತ್ತು ತಂದದ್ದರಿಂದ. 1928ರಲ್ಲಿ ಮ್ಯಾಂಚೆಸ್ಟರ್ ಕಡೆಯ ಲ್ಯಾಡೋ ರಾಕ್ಸ್ ಎಂಬ ಬಂಡೆಯಲ್ಲಿ ಬಿದ್ದ ಆರೋಹಿಯೊಬ್ಬನನ್ನು ಸಿಕ್ಕ ಮರದ ತುಂಡಿನ ಮೇಲೆ, ನೋವಿಗೆ ಏನೂ ಕೊಡದೆ, ಗಂಟೆಗಟ್ಟಲೆ ಕುಲುಕಿಸುತ್ತ ತಂದರು. ಕಾಲನ್ನು ಕತ್ತರಿಸಬೇಕಾಯಿತು. ಪೆಟ್ಟಿಗಿಂತ ಹೊತ್ತು ತಂದ ರೀತಿಯೇ ಹೆಚ್ಚು ಕೆಡಿಸಿತು ಎಂದು ಕಂಡ ಶಸ್ತ್ರವೈದ್ಯ ವಿಲ್ಸನ್ ಹೇ ಸುಮ್ಮನಿರಲಿಲ್ಲ. 1930ರ ದಶಕದಲ್ಲಿ ಯೂಸ್ಟೇಸ್ ಥಾಮಸ್ ರೂಪಿಸಿದ ಬೆಟ್ಟದ ಸ್ಟ್ರೆಚರ್ ಬಳಕೆಗೆ ಬಂತು. ಕಾನೂನು ಒಪ್ಪದಿದ್ದರೂ ಹೇ ಬೆಟ್ಟದ ರಕ್ಷಣಾ ಠಾಣೆಗಳಿಗೆ ನೋವು ತಗ್ಗಿಸುವ ಮಾರ್ಫೀನ್ ಕೊಡುತ್ತಲೇ ಹೋದರು. ಅದಕ್ಕೆ 1949ರಲ್ಲಿ ದಂಡ ತೆತ್ತರು. ಸರ್ಕಾರ ಅನುಮತಿ ಕೊಟ್ಟದ್ದು ಆ ಪ್ರಕರಣದ ನಂತರವೇ. ಅಷ್ಟರಲ್ಲಿ, 1946ರಲ್ಲಿ ಲೇಕ್ ಡಿಸ್ಟ್ರಿಕ್ಟ್‌ನ ಗ್ರೇಟ್ ಗೇಬಲ್ ಬೆಟ್ಟದಲ್ಲಾದ ಅಪಘಾತದ ಬಳಿಕ, ಅಲ್ಲಿನ ಕೆಸ್ವಿಕ್ ಊರಿನಲ್ಲಿ ಆರೋಹಿ ರಸ್ಟಿ ವೆಸ್ಟ್‌ಮೋರ್‌ಲ್ಯಾಂಡ್ ತಂಡ ಕಟ್ಟಿದ್ದರು.

ಈಗಲೂ ಸ್ಟ್ರೆಚರ್‌ಗೆ ಒಂದು ಸಲಕ್ಕೆ ಆರರಿಂದ ಎಂಟು ಹೆಗಲು ಬೇಕು. ಬದಲಿಗೆ ಅಷ್ಟೇ ಜನ ಪಕ್ಕದಲ್ಲಿ ನಡೆಯಬೇಕು. ಕಡಿದಾದ ಕಡೆ ಹಿಂದಿನಿಂದ ಹಗ್ಗ ಹಿಡಿಯುವವರು ಬೇರೆ. ಮೂವರು ಸ್ನೇಹಿತರಿಂದ ಆಗುವ ಕೆಲಸವಲ್ಲ.

ಹಾಗಾಗಿ ತಂಡ ಬರುವ ತನಕ ನೀವು ಮಾಡಬೇಕಾದದ್ದು ಚಳಿ ತಡೆಯುವುದು. ಗಾಯಾಳುವಿನ ಕೆಳಗೆ ರಕ್‌ಸ್ಯಾಕ್, ಹಗ್ಗ, ಏನಿದೆಯೋ ಹಾಸಿ. ಮೈಯ ಬಿಸಿ ಗಾಳಿಗಿಂತ ಬೇಗ ನೆಲಕ್ಕೆ ಇಳಿಯುತ್ತದೆ. ಮೈಬಿಸಿ 35 ಡಿಗ್ರಿಗಿಂತ ಕೆಳಗಿಳಿಯಿತೆಂದರೆ ಅಪಾಯ. ನಡುಗುತ್ತಿದ್ದವರು ನಡುಗುವುದು ನಿಲ್ಲಿಸಿ ಮಾತು ತೊದಲಿದರೆ ‘ಸುಧಾರಿಸಿತು’ ಎಂದುಕೊಳ್ಳಬೇಡಿ, ಕೆಟ್ಟಿದೆ ಎಂದು ಅರ್ಥ. ಕೈಕಾಲು ಉಜ್ಜಬೇಡಿ, ಎಬ್ಬಿಸಿ ನಡೆಸಬೇಡಿ, ಬ್ರಾಂದಿಯಂತೂ ಬೇಡವೇ ಬೇಡ. ಅಷ್ಟು ತಣ್ಣಗಾದವರನ್ನು ಒರಟಾಗಿ ಅಲುಗಾಡಿಸಿದರೆ ಹೃದಯದ ಬಡಿತ ತಪ್ಪಿ ನಿಲ್ಲಬಹುದು.

ಸೀಟಿ ಇದ್ದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ರಾತ್ರಿ ಟಾರ್ಚಿನಲ್ಲೂ ಹೀಗೆಯೇ. ಉತ್ತರ ಮೂರು ಸೀಟಿಯಲ್ಲಿ ಬರುತ್ತದೆ. ಅದು ಕೇಳಿಸಿತೆಂದು ನಿಲ್ಲಿಸಬೇಡಿ, ಅವರು ಪಕ್ಕಕ್ಕೆ ಬರುವ ತನಕ ಊದುತ್ತಲೇ ಇರಿ: ಮಂಜಿನಲ್ಲಿ ಅವರು ನಡೆದು ಬರುತ್ತಿರುವುದೇ ಆ ಸದ್ದು ಹಿಡಿದು.