ಆಗಸ್ಟಸ್ ನಾಣ್ಯದ ಮೇಲೆ ಸೌಟು ಯಾಕೆ?

ರೋಮನ್ ಚಕ್ರವರ್ತಿ ಆಗಸ್ಟಸ್‌ನ ಡಿನೇರಿಯಸ್ ಅನ್ನೋ ಬೆಳ್ಳಿ ನಾಣ್ಯದ ಹಿಂಬದಿಯಲ್ಲಿ ಗುರಾಣಿ ಹಿಡಿದು ನಿಂತವರು ದೇವತೆಗಳಾ, ಮೇಲಿರೋದು ಸೌಟಾ ಅಂತ ಕೇಳಿದ್ದೀರಿ. ದೇವತೆಗಳಲ್ಲ, ಅವನ ಮೊಮ್ಮಕ್ಕಳು ಗಾಯಸ್ ಮತ್ತು ಲೂಸಿಯಸ್. ಮಗಳು ಜೂಲಿಯಾಳ ಈ ಮಕ್ಕಳನ್ನೇ ದತ್ತು ತಗೊಂಡು ವಾರಸುದಾರರನ್ನಾಗಿ ಮಾಡಿದ್ದ, ಅದನ್ನು ಊರಿಗೆಲ್ಲ ಸಾರೋಕೆ ಈ ನಾಣ್ಯ. ಸೌಟು ಅಂದಿದ್ದು ಸರಿನೇ! ಪೂಜೆಯಲ್ಲಿ ದ್ರಾಕ್ಷಾರಸ ಎರೆಯುವ ಸಿಂಪುಲಮ್ ಅದು, ಗಾಯಸ್‌ನ ಪುರೋಹಿತ ಪದವಿಯ ಗುರುತು. ಪಕ್ಕದಲ್ಲಿ ತುದಿ ಸುರುಳಿಯಾದ ಕೋಲಿದೆ ಅಲ್ವಾ, ಅದು ಲಿಟುವಸ್. ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳುವವರದ್ದು, ಲೂಸಿಯಸ್ ಆ ಪದವಿಯಲ್ಲಿದ್ದ. ಗುರಾಣಿ, ಈಟಿ ಯುದ್ಧಕ್ಕಲ್ಲ, ಗೌರವಕ್ಕೆ ಕೊಟ್ಟ ಬೆಳ್ಳಿಯವು. ಪಾಪ, ಕ್ರಿ.ಶ. 2ರಲ್ಲಿ ಲೂಸಿಯಸ್, 4ರಲ್ಲಿ ಗಾಯಸ್ ಸತ್ತು ಪಟ್ಟ ಆಗಸ್ಟಸ್‌ನ ಮಲಮಗ ಟಿಬೇರಿಯಸ್‌ಗೆ ಹೋಯಿತು. ಅಂದಹಾಗೆ, ಇದೇ ಬಗೆಯ ನಾಣ್ಯ ದಕ್ಷಿಣ ಭಾರತದ ನಿಧಿಗಳಲ್ಲೂ ಜಾಸ್ತಿ ಸಿಕ್ಕಿದೆ.