ನೀವು ಕೇಳಿದ್ದು: ಸೈಕಲ್ ಬಿಡಲಿಕ್ಕೆ ಜಾಗ ಎಲ್ಲಿದೆ?

ಪ್ರಶ್ನೆ: ಮಗ ಎಂಟನೇ ಕ್ಲಾಸು. ಶಾಲೆ ಎರಡು ಕಿಲೋಮೀಟರ್ ಕೂಡ ಇಲ್ಲ, ಸೈಕಲ್ಲಲ್ಲೇ ಹೋಗ್ತೇನೆ ಅಂತ ಹಟ. ಆದರೆ ಕಾಂಕ್ರೀಟ್ ರಸ್ತೆಯ ಅಂಚು ನೋಡಿದರೆ ನನಗೆ ಹೆದರಿಕೆ. 'ನಮ್ಮ ಊರಿಗೆ ಸೈಕಲ್ ಪಥ ಬೇಕು' ಅಂತ ಅಕ್ಕಪಕ್ಕದವರೆಲ್ಲ ಸೇರಿ ಒಂದು ಕಚೇರಿಗೆ ಮನವಿ ಕೊಟ್ಟೆವು. ತೆಗೆದುಕೊಂಡರು, ಅಷ್ಟೆ. ಇನ್ನು ಎಂತ ಮಾಡುವುದು?
– ಒಬ್ಬ ತಾಯಿ, ಬಿಜೈ, ಮಂಗಳೂರು

ಉತ್ತರ: ಊರಿಗೆಲ್ಲ ಸೈಕಲ್ ಪಥ ಬೇಕು ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ, ಮಾಡುವುದೂ ಇಲ್ಲ. ಸದ್ಯಕ್ಕೆ ಅದನ್ನು ಬಿಡಿ. ಮಗನ ಶಾಲೆಯ ದಾರಿ ಒಂದನ್ನೇ ಹಿಡಿಯಿರಿ. ಶಾಲೆ ಶುರುವಾಗುವ ಹೊತ್ತಿಗೆ ಆ ದಾರಿಯಲ್ಲಿ ನಡೆದು, ತೊಂದರೆ ಇರುವ ಜಾಗದ ಫೋಟೊ ತೆಗೆಯಿರಿ, ಪಕ್ಕದ ಅಂಗಡಿಯದ್ದೋ ಕಂಬದ್ದೋ ಗುರುತು ಬರೆದುಕೊಳ್ಳಿ.

ಎರಡು ವಿಷಯ ಮುಖ್ಯವಾಗಿ ನೋಡಿ. ಒಂದು, ನೀವು ಹೇಳಿದ ಅಂಚು. ಕಾಂಕ್ರೀಟ್ ಹಾಕಿ ರಸ್ತೆ ಎತ್ತರ ಮಾಡುತ್ತಾರೆ, ಬದಿಗೆ ಮಣ್ಣು ತುಂಬುವುದನ್ನು ಮರೆಯುತ್ತಾರೆ, ತುಂಬಿದರೂ ನಮ್ಮ ಮಳೆಗೆ ಅದು ಒಂದು ಆಟಿ (ತುಳುವರ ಜಡಿಮಳೆಯ ತಿಂಗಳು) ದಾಟುವುದಿಲ್ಲ. ಹಿಂದಿನಿಂದ ಸಿಟಿ ಬಸ್ಸು ಹಾರ್ನ್ ಹೊಡೆದಾಗ ಹುಡುಗ ಬದಿಗೆ ಸರಿಯುತ್ತಾನೆ, ಮುಂದಿನ ಚಕ್ರ ಕೆಳಗೆ ಇಳಿಯುತ್ತದೆ, ವಾಪಸ್ ಹತ್ತಿಸಲು ಹೋದರೆ ಟಯರ್ ಅಂಚಿಗೆ ಉಜ್ಜಿ ಹ್ಯಾಂಡಲ್ ತಿರುಗಿ ಅವನು ಬೀಳುವುದು ರಸ್ತೆಯ ಕಡೆಗೇ. ಎರಡನೆಯದು, ಚರಂಡಿ ಮೇಲಿನ ಕಬ್ಬಿಣದ ಜಾಲರಿ. ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಡ್ಡ ಸರಳಿನದ್ದು ಕೂರಿಸಿದರೆ ಮುಗಿಯಿತು. ಕಾರಿನಲ್ಲಿ ಹೋಗಿ ಬರುವವರಿಗೆ ಇದು ಕಾಣುವುದೇ ಇಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ, ಫೋಟೊ ತೋರಿಸಬೇಕು.

ಆಮೇಲೆ ರಸ್ತೆ ಯಾರದ್ದು ಅಂತ ಕೇಳಿ. ವಾರ್ಡಿನ ಒಳರಸ್ತೆಯಾದರೆ ಪಾಲಿಕೆ. ನಂತೂರು, ಪಂಪ್‌ವೆಲ್ ಕಡೆಯ 66ನೇ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರ, ಅವರ ಸಹಾಯವಾಣಿ 1033. ತಪ್ಪು ಕಚೇರಿಗೆ ಕೊಟ್ಟ ಮನವಿ ಅಲ್ಲಿಂದ ಇಲ್ಲಿಗೆ ಸುತ್ತುತ್ತಲೇ ಇರುತ್ತದೆ. ಒಂದಕ್ಕಿಂತ ಜಾಸ್ತಿ ಇಲಾಖೆಯ ಸಮಸ್ಯೆಯಾದರೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಬರೆಯಿರಿ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಪುರಾಣ ಬರೆಯಬೇಡಿ. ಈ ರಸ್ತೆಯ ಕಾಮಗಾರಿ ಆದೇಶದ ಪ್ರತಿ ಕೊಡಿ, ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ ಯಾವಾಗ ಮುಗಿಯುತ್ತದೆ ತಿಳಿಸಿ, ಇಷ್ಟು ಸಾಕು. ಅವಧಿ ಇನ್ನೂ ಇದ್ದರೆ ಕೆಲಸದ ದೋಷವನ್ನು ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು. ಆಗ 'ಅನುದಾನ ಇಲ್ಲ' ಅನ್ನುವ ಮಾತು ನಡೆಯುವುದಿಲ್ಲ ಅಲ್ವಾ?

ಪ್ರಶ್ನೆ: ಉಡುಪಿಯಿಂದ ಮಣಿಪಾಲಕ್ಕೆ ದಿನಾ ಕೆಲಸಕ್ಕೆ ಹೋಗಬೇಕು. ಆ ಏರಿನಲ್ಲಿ ಸೈಕಲ್ ತುಳಿದು ಹೋದರೆ ಆಫೀಸಿನಲ್ಲಿ ಇನ್ನೊಂದು ಸ್ನಾನ ಬೇಕಾದೀತು. ಎಲೆಕ್ಟ್ರಿಕ್ ಸೈಕಲ್ಲಿಗೆ ಲೈಸನ್ಸ್ ಬೇಕಾ?
– ಉಡುಪಿಯ ಓದುಗ

ಉತ್ತರ: ಮೋಟರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಸಾಮಾನ್ಯವಾಗಿ ಲೈಸನ್ಸ್, ನೋಂದಣಿ ಎರಡೂ ಬೇಡ. ಆದರೆ ಅಂಗಡಿಯವರ ಬಾಯಿಮಾತು ನಂಬಬೇಡಿ, ಶಕ್ತಿ, ವೇಗ ಇಷ್ಟೇ ಅಂತ ತೋರಿಸುವ ಪರೀಕ್ಷಾ ಪ್ರಮಾಣಪತ್ರ ಕೇಳಿ. ಹೆಲ್ಮೆಟ್ ಮಾತ್ರ ಹಾಕಿ. ಏರುವಾಗ ಪರವಾಗಿಲ್ಲ, ಇಳಿಯುವಾಗ ಆ ಭಾರಕ್ಕೆ ಬ್ರೇಕ್ ಸರಿ ಇರಬೇಕು, ಮಳೆಗಾಲದಲ್ಲಂತೂ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ. ಅಂದ ಹಾಗೆ ಅದು 169ಎ ರಾಷ್ಟ್ರೀಯ ಹೆದ್ದಾರಿ, ಅಲ್ಲಿನ ಹೊಂಡದ ದೂರನ್ನು ನಗರಸಭೆಗೆ ಕೊಡಬೇಡಿ.

ಪ್ರಶ್ನೆ: ಈ ಸೆಕೆ, ಈ ಮಳೆ, ಈ ಗುಡ್ಡ. ನಮ್ಮ ಕಡೆ ಸೈಕಲ್ ಹೊಡೆಯುವವರು ಯಾರಿದ್ದಾರೆ ಮಾರಾಯ್ರೆ? ಇದೆಲ್ಲ ಸುಮ್ನೆ ಫ್ಯಾಷನ್.
– ಕಂಕನಾಡಿಯ ಓದುಗ

ಉತ್ತರ: ಬೆಳಿಗ್ಗೆ ಆರು ಗಂಟೆಗೆ ರಸ್ತೆ ಬದಿ ನಿಂತು ನೋಡಿ. ಪೇಪರ್ ಹಾಕುವ ಹುಡುಗರು, ಮೀನುಗಾರಿಕಾ ದಕ್ಕೆಗೆ ಹೋಗುವವರು, ಹ್ಯಾಂಡಲಿಗೆ ಬುತ್ತಿ ಸಿಕ್ಕಿಸಿಕೊಂಡು ಕಟ್ಟಡದ ಕೆಲಸಕ್ಕೆ ಹೊರಟವರು, ರಾತ್ರಿ ಪಾಳಿ ಮುಗಿಸಿ ಬರುವ ವಾಚ್‌ಮನ್. ಯಾರಿಗೂ ಫ್ಯಾಷನ್ ಇಲ್ಲ. ಬಸ್ಸಿಗೆ ಕೊಡುವ ದುಡ್ಡು ಉಳಿಯಲಿ ಅಂತ, ಇಲ್ಲವೇ ಆ ಹೊತ್ತಿಗೆ ಬಸ್ಸೇ ಇಲ್ಲ ಅಂತ ಸೈಕಲ್. ಮನವಿ ಬರೆಯುವವರು ಅವರಲ್ಲ, ಅದಕ್ಕೇ ಲೆಕ್ಕಕ್ಕೆ ಸಿಗುವುದಿಲ್ಲ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗಲೂ ಹಾಗೇ ಆಯಿತು. ಸೈಕಲ್ ಕೊಟ್ಟರು, ಅದು ಹೋಗಲಿಕ್ಕೆ ರಸ್ತೆಯ ಬದಿ ಕೊಡಲಿಲ್ಲ. ಗುಡ್ಡದ ಮಾತು ಒಪ್ಪುತ್ತೇನೆ. ಆದರೆ ಮೇಲೆ ಬಿಜೈಯ ತಾಯಿಗೆ ಹೇಳಿದ್ದು ಗುಡ್ಡ ಕಡಿಯಲಿಕ್ಕಲ್ಲ, ರಸ್ತೆ ಬದಿಗೆ ಮಣ್ಣು ತುಂಬಿಸಲಿಕ್ಕೆ.